ಪರದೇಶದ ಪಾಸ್ಕ: ಬಾಸೆಲ್ ಮಿಶನಿನ ಕುಟುಂಬಗಳೂ ಅವರ ಪುನರುತ್ಥಾನದ ಹಬ್ಬವೂ

ಬಾಸೆಲ್ ಮಿಶನಿನವರು ಕನ್ನಡ ನುಡಿಗೆ ಮಾಡಿದ ಸೇವೆಯನ್ನು ಅರಿಯದವರು ನಮ್ಮ ಜಿಲ್ಲೆಯಲ್ಲಿ ವಿರಳ. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವನ್ನೂ, 1894ರಲ್ಲಿ ಅಚ್ಚಾದ ಕಿಟೆಲರ ಮಹಾನಿಘಂಟನ್ನೂ, ಜೆಪ್ಪುವಿನ ಹಂಚಿನ ಕಾರ್ಖಾನೆಯನ್ನೂ ಕುರಿತು ವಿದ್ವಾಂಸರು ಬೇಕಾದಷ್ಟು ಬರೆದಿರುವರು. ಆದರೆ ಆ ನಿಘಂಟನ್ನು ರಚಿಸಿದವರಿಗೂ ಒಂದು ಮನೆಯಿತ್ತು, ಮನೆಯಲ್ಲಿ ಹೆಂಡತಿಯಿದ್ದಳು, ತೊಟ್ಟಿಲಿತ್ತು, ವರುಷಕ್ಕೊಮ್ಮೆ ಹಬ್ಬ ಬರುತ್ತಿತ್ತು ಎಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. ಗ್ರಂಥವನ್ನು ಮೆಚ್ಚುವವರು ಗ್ರಂಥಕಾರನ ಅಡಿಗೆಮನೆಗೆ ಇಣುಕುವುದಿಲ್ಲವಷ್ಟೆ. ನಾವು ಇಲ್ಲಿ ಆ ಅಶಿಷ್ಟತೆಯನ್ನು ಸ್ವಲ್ಪ ಮಾಡಹೊರಟಿದ್ದೇವೆ. ಹುಟ್ಟಿದೂರನ್ನು ಬಿಟ್ಟು ಸಾವಿರಾರು ಹರದಾರಿ ದೂರ ಬಂದು ನೆಲಸಿದ ಒಂದು ಕ್ರೈಸ್ತ ಕುಟುಂಬಕ್ಕೆ ಅದರ ಹಬ್ಬಗಳಲ್ಲೆಲ್ಲ ದೊಡ್ಡದಾದ ಈಸ್ಟರ್ ಹಬ್ಬವು ಏನಾಗಿದ್ದಿತು ಎಂಬುದೇ ವಿಚಾರ.

ಮೊದಲು ಹಬ್ಬದ ತಿಥಿಯನ್ನು ನೋಡೋಣ. ಕ್ರಿಸ್ತಜನನದ ಹಬ್ಬದಂತೆ ಇದಕ್ಕೆ ಗೊತ್ತಾದ ತಾರೀಖಿಲ್ಲ. ಕ್ರಿ. ಶ. 325ರಲ್ಲಿ ನೀಕೇಯದಲ್ಲಿ ಕೂಡಿದ ಸಭೆಯು ಈ ವಿಷಯವನ್ನು ಚರ್ಚಿಸಿತು. ಕ್ರಮೇಣ ನೆಲೆನಿಂತ ನಿಯಮವೇನೆಂದರೆ, ಮಾರ್ಚಿ 21ರಂದಾಗಲಿ ಅದರ ತರುವಾಯವಾಗಲಿ ಬರುವ ಮೊದಲನೆಯ ಹುಣ್ಣಿಮೆಯು ಕಳೆದ ಮೇಲಣ ಆದಿತ್ಯವಾರವೇ ಪುನರುತ್ಥಾನದ ದಿನ. ಆದುದರಿಂದ ಅದು ಮಾರ್ಚಿ 22ಕ್ಕೆ ಮುಂಚೆ ಬರುವಂತಿಲ್ಲ, ಏಪ್ರಿಲ್ 25ನ್ನು ಮೀರುವಂತಿಲ್ಲ. ನಮ್ಮ ಪಂಚಾಂಗದ ಮಾತಿನಲ್ಲಿ ಹೇಳುವುದಾದರೆ, ಬಹುಮಟ್ಟಿಗೆ ಫಾಲ್ಗುನ ಅಥವಾ ಚೈತ್ರ ಬಹುಳದ ಮೊದಲ ವಾರದಲ್ಲಿ, ಅಂದರೆ ಯುಗಾದಿಯ ಆಚೆಗೋ ಈಚೆಗೋ ಇದು ಬೀಳುವುದು. ಚಂದ್ರನನ್ನು ನೋಡಿ ಹಬ್ಬ ಮಾಡುವ ಪದ್ಧತಿ ನಮ್ಮದೊಂದೇ ಎಂದು ತಿಳಿದವರಿಗೆ ಇದು ಸ್ವಲ್ಪ ಆಶ್ಚರ್ಯವನ್ನುಂಟುಮಾಡಬಹುದು.

ಆದರೆ ತಿಥಿ ಒಂದೇ ಆದರೂ ಋತು ಒಂದೇ ಅಲ್ಲ. ಮಿಶನರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಅಲ್ಲಿ ಆರು ತಿಂಗಳ ಚಳಿಗಾಲದಲ್ಲಿ ಮರಗಳು ಎಲೆಯುದುರಿ ಕಡ್ಡಿಗಳಾಗಿ ನಿಂತಿರುವುವು. ನೆಲವು ಹಿಮದಡಿಯಲ್ಲಿ ಹೆಣದಂತೆ ಬಿದ್ದಿರುವುದು. ಈಸ್ಟರಿನ ಹೊತ್ತಿಗೆ ಹಿಮ ಕರಗಿ, ಸೇಬು ಚೆರಿಗಳ ಕೊಂಬೆಗಳಲ್ಲಿ ಮೊಗ್ಗು ಕಾಣಿಸಿಕೊಳ್ಳುವುದು. ಸತ್ತವನು ಎದ್ದನೆಂಬ ಸುವಾರ್ತೆಯನ್ನು ಅಲ್ಲಿ ಪಾದ್ರಿಗಿಂತ ಮೊದಲು ತೋಟವೇ ಸಾರುವುದು. ಮಂಗಳೂರಿನಲ್ಲಿಯಾದರೋ ಅದು ಬಾವಿಗಳ ತಳ ಕಾಣುವ ಕಾಲ. ಗದ್ದೆಗಳು ಒಣಗಿ ಬಿರಿದಿರುತ್ತವೆ. ಗುಡ್ಡದ ಮೇಲೆ ಗೇರುಹಣ್ಣಿನ ವಾಸನೆ, ಅಂಗಳದಲ್ಲಿ ಮಾವಿನ ಮಿಡಿ, ಮೈಯಲ್ಲಿ ಬೆವರು. ಮಳೆ ಇನ್ನೂ ಎರಡು ತಿಂಗಳು ದೂರ. ನಮ್ಮಲ್ಲಿಯೂ ವಸಂತವುಂಟು, ಚಿಗುರುಂಟು, ಕೋಗಿಲೆಯುಂಟು. ಇಲ್ಲದ್ದು ಮರಣದಂತಹ ಆ ಚಳಿಗಾಲ. ಸಾವನ್ನು ಕಣ್ಣಾರೆ ಕಾಣದ ನೆಲದಲ್ಲಿ ಎದ್ದುಬರುವಿಕೆಯ ಹಬ್ಬಕ್ಕೆ ಅರ್ಧ ಬಾಯಿ ಕಟ್ಟಿದಂತೆಯೇ ಸರಿ.

ಹೆಸರಿನಲ್ಲಿಯೂ ಈ ಅಂತರವಿದೆ. ಜರ್ಮನರು ಹಬ್ಬವನ್ನು ‘ಓಸ್ಟರ್ನ್’ ಎನ್ನುವರು, ಇಂಗ್ಲಿಷರು ‘ಈಸ್ಟರ್’ ಎನ್ನುವರು. ಇದು ವಸಂತಮಾಸದ ಒಂದು ಹಳೆಯ ದೇವತೆಯ ಹೆಸರಿನಿಂದ ಬಂದಿತೆಂದು ಎಂಟನೆಯ ಶತಮಾನದ ಬೀಡನೆಂಬ ಸಂನ್ಯಾಸಿಯು ಬರೆದಿರುವನು. ಪೋರ್ತುಗೀಸ್ ಮೊದಲಾದ ಭಾಷೆಗಳಲ್ಲಿರುವ ಹೆಸರಾದರೋ ಯೆಹೂದ್ಯರ ಪೆಸಹ ಎಂಬ ಹಬ್ಬದ ಹೆಸರಿನ ರೂಪಾಂತರ. ಕನ್ನಡ ಬೈಬಲಿನ ‘ಪಸ್ಕ’ವೂ, ಮಂಗಳೂರಿನ ಕೊಂಕಣಿ ಕಥೋಲಿಕರ ‘ಪಾಸ್ಕಾಂಚೆಂ ಫೆಸ್ತ್’ ಎಂಬುದೂ ಅದೇ ಬೇರಿನವು. ಇದರಿಂದ ಮತ್ತೊಂದು ಸಂಗತಿಯೂ ಹೊರಡುತ್ತದೆ. ಬಾಸೆಲಿನವರು ಮಂಗಳೂರಿಗೆ ಬರುವಾಗ ಇಲ್ಲಿ ಪಾಸ್ಕದ ಹಬ್ಬ ಹೊಸತಾಗಿರಲಿಲ್ಲ. ಊರ ಕಥೋಲಿಕರು ಅದನ್ನು ತಲೆಮಾರುಗಳಿಂದ ಆಚರಿಸುತ್ತಿದ್ದರು. ಮನೆ ಕಳೆದುಕೊಂಡು ಆಚರಿಸುವ ಕಷ್ಟವನ್ನೂ ಅನುಭವಿಸಿದ್ದರು. 1784ರ ಬೂದಿ ಬುಧವಾರದ ಸುಮಾರಿಗೆ ಟಿಪ್ಪೂ ಸುಲ್ತಾನನ ಆಜ್ಞೆಯಿಂದ ಹಿಡಿಯಲ್ಪಟ್ಟು ಘಟ್ಟ ಹತ್ತಿಸಲ್ಪಟ್ಟವರು, 1799ರ ಮೇ 4ರಂದು ಶ್ರೀರಂಗಪಟ್ಟಣವು ಬೀಳುವವರೆಗೂ ಸೆರೆಯಲ್ಲಿದ್ದರು. ಈ ಅವಧಿಯಲ್ಲಿ ಹದಿನಾರು ಪಾಸ್ಕಗಳು ಕಳೆದುವು. 1834ರಲ್ಲಿ, ಆ ಸೆರೆಯಲ್ಲಿ ಮಕ್ಕಳಾಗಿದ್ದವರಿಗೆ ನಡುವಯಸ್ಸು. ಪರಸ್ಥಳದ ಹಬ್ಬವೆಂದರೇನೆಂಬುದನ್ನು ಹೊಸ ಪಾದ್ರಿಗಳಿಗೆ ಹೇಳಿಕೊಡಬಲ್ಲವರು ನೆರೆಯಲ್ಲಿಯೇ ಇದ್ದರೆಂದಾಯಿತು. ಆದರೆ ಪ್ರೊಟೆಸ್ಟಂಟರಿಗೂ ಕಥೋಲಿಕರಿಗೂ ಆಗ ಅಂತಹ ಸಲಿಗೆಯಿರಲಿಲ್ಲ.

ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಮಿಶನಿಗೆ ಹಿಂದೂಸ್ಥಾನದ ಬಾಗಿಲು ತೆರೆದುದು 1833ರ ಸನ್ನದಿನಿಂದ. ಅದು ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪೆನಿಯ ಸೀಮೆಯಲ್ಲಿ ನೆಲಸಲು ಅವಕಾಶ ಕೊಟ್ಟಿತು. ಮರುವರ್ಷವೇ ಸಾಮುವೇಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, ಅಕ್ಟೋಬರ ಕಡೆಗೆ ಮಂಗಳೂರನ್ನು ಸೇರಿದರು. ಅವರ ಮೊದಲನೆಯ ಈಸ್ಟರ್ 1835ರ ಏಪ್ರಿಲ್ 19ರಂದು ಬಂದಿತು. ಮೂವರೂ ಒಂಟಿಗರು, ಊರ ಭಾಷೆ ಇನ್ನೂ ನಾಲಗೆಗೆ ಹತ್ತಿರಲಿಲ್ಲ. ಅದನ್ನು ಹಬ್ಬವೆನ್ನುವುದಕ್ಕಿಂತ ಉಪಾಸನೆಯೆನ್ನುವುದು ಲೇಸು. ಹಬ್ಬಕ್ಕೆ ಮನೆ ಬೇಕು. ಮನೆಗೆ ಹೆಂಗಸು ಬೇಕು. ಹೆಬಿಕ್ ಕಡೆಯವರೆಗೂ ಮದುವೆಯಾಗಲಿಲ್ಲ.

ಉಳಿದವರ ವಿವಾಹದ ವಿಚಾರವೇ ಒಂದು ಕಥೆ. ಬಾಸೆಲಿನಿಂದ ಹೊರಡುವ ಮಿಶನರಿಯು ಅವಿವಾಹಿತನಾಗಿಯೇ ಹೊರಡಬೇಕು. ಎರಡು ವರುಷವಾದರೂ ಕೆಲಸಮಾಡಿ ತನ್ನ ಯೋಗ್ಯತೆಯನ್ನು ತೋರಿಸಿದ ಮೇಲೆ, ಮದುವೆಗೆ ಅಪ್ಪಣೆ ಬೇಡಿ ಆಡಳಿತ ಮಂಡಲಿಗೆ ಪತ್ರ ಬರೆಯತಕ್ಕದ್ದು. ಮಂಡಲಿಯು ಒಪ್ಪಿದರೆ ಕನ್ಯೆಯನ್ನು ಗೊತ್ತುಮಾಡಿ ಹಡಗಿನಲ್ಲಿ ಕಳುಹಿಸುವುದು. ಎಷ್ಟೋ ವಧುಗಳು ವರನ ಮುಖವನ್ನು ಕಂಡುದು ಬಂದರದಲ್ಲಿ ಇಳಿದ ಮೇಲೆಯೇ. ಯೂರೋಪಿಯನರು ತಮ್ಮ ಇಚ್ಛೆಯಿಂದಲೇ ವರಿಸುವರು, ನಮ್ಮಲ್ಲಿ ಮಾತ್ರ ಹಿರಿಯರು ಜೋಡಿಸುವರು ಎಂದು ಶಾಲೆಯಲ್ಲಿ ಕಲಿತವರು ಈ ಕಡತಗಳನ್ನು ನೋಡಬೇಕು. ಪೌಲೀನಾ ಬಾಕ್‌ಮೈಸ್ಟರ್ ಎಂಬಾಕೆ ಗಾಟ್‌ಫ್ರೀಡ್ ವೈಗ್ಲೆಯವರನ್ನು ವರಿಸಿ ಈ ನಾಡಿನಲ್ಲಿ ಬಾಳಿದಳು. ಕನ್ನಡ ಬೈಬಲನ್ನು ತಿದ್ದುವುದರಲ್ಲಿ ಮೈಮುರಿದು ದುಡಿದ ಆ ವೈಗ್ಲೆ 1855ರಲ್ಲಿ ತೀರಿಕೊಂಡರು. ಅನಂತರ ಆಕೆಯ ಕೈಹಿಡಿದವರು ವೈಗ್ಲೆಯ ಬಂಧುಗಳೂ ‘ಸಮಾಚಾರ’ದ ಸಂಪಾದಕರೂ ಆಗಿದ್ದ ಹೆರ್ಮನ್ ಮೋಗ್ಲಿಂಗ್. ಆಕೆಯ ದೇಹಾರೋಗ್ಯ ಕೆಟ್ಟುದರಿಂದಲೇ ಮೋಗ್ಲಿಂಗರು 1860ರಲ್ಲಿ ಕನ್ನಡನಾಡನ್ನು ಬಿಡಬೇಕಾಯಿತು. ಒಬ್ಬ ಹೆಂಗಸಿನ ಜ್ವರವು ಕನ್ನಡದ ಚರಿತ್ರೆಯಲ್ಲಿ ಒಂದು ಅಧ್ಯಾಯವನ್ನು ಮುಗಿಸಿತೆಂದು ನಮ್ಮ ಸಾಹಿತ್ಯಚರಿತ್ರಕಾರರು ಎಲ್ಲಿಯೂ ಬರೆದಂತಿಲ್ಲ.

ಇಂತಹ ಸ್ತ್ರೀಯರು ಬಿಟ್ಟುಬಂದ ಊರುಗಳ ಈಸ್ಟರು ಹೇಗಿತ್ತೆಂಬುದನ್ನು ಸ್ವಲ್ಪ ತಿಳಿಯಬೇಕು. ಆ ಭಾಗದ ಪ್ರೊಟೆಸ್ಟಂಟರಿಗೆ ಶುಭಶುಕ್ರವಾರವೇ ವರ್ಷದಲ್ಲೆಲ್ಲ ಗಂಭೀರವಾದ ದಿನ. ಕಪ್ಪು ಉಡುಪು, ದೇವಾಲಯ, ಮೌನ. ಆದಿತ್ಯವಾರ ಬಂದಿತೆಂದರೆ ಗಂಟೆ, ಗಾಯನ, ಹೆಣಲಿನಂತೆ ಹೆಣೆದು ಸುಟ್ಟ ಸಿಹಿರೊಟ್ಟಿ. ಮಕ್ಕಳಿಗೆ ಬಣ್ಣದ ಮೊಟ್ಟೆ. ಈ ಮೊಟ್ಟೆಗಳನ್ನು ಇಟ್ಟುಹೋಗುವುದು ಕೋಳಿಯಲ್ಲ, ಮೊಲ! ರಾತ್ರಿ ಬಂದು ತೋಟದ ಹುಲ್ಲಿನಲ್ಲಿಯೂ ಪೊದೆಗಳಲ್ಲಿಯೂ ಮೊಲವು ಮೊಟ್ಟೆಯಿಡುವುದೆಂದು ಹೇಳಿ ಮಕ್ಕಳನ್ನು ಹುಡುಕಲು ಬಿಡುವ ವಾಡಿಕೆಯನ್ನು ಫ್ರಾಂಕೆನೌ ಎಂಬ ವೈದ್ಯನು 1682ರಷ್ಟು ಹಿಂದೆಯೇ ವರ್ಣಿಸಿದ್ದಾನೆ. ವೈದ್ಯನಾದುದರಿಂದ, ಮೊಟ್ಟೆಯನ್ನು ಅತಿಯಾಗಿ ತಿಂದರೆ ಆರೋಗ್ಯ ಕೆಡುವುದೆಂಬ ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ಹಿಂದಿನ ಕಾಲದಲ್ಲಿ ನಲವತ್ತು ದಿನದ ಉಪವಾಸದಲ್ಲಿ ಮೊಟ್ಟೆಯೂ ನಿಷಿದ್ಧವಾಗಿದ್ದುದರಿಂದ ಮನೆಯಲ್ಲಿ ರಾಶಿಬೀಳುತ್ತಿತ್ತು; ಪ್ರೊಟೆಸ್ಟಂಟರು ಉಪವಾಸವನ್ನು ಬಿಟ್ಟರು, ಮೊಟ್ಟೆಯನ್ನು ಬಿಡಲಿಲ್ಲ. ಯಾವ ಮತಸುಧಾರಣೆಯಲ್ಲಿಯೂ ತಿಂಡಿಯು ಕಡೆಯವರೆಗೆ ಬದುಕುವುದೆಂಬುದಕ್ಕೆ ಇದೊಂದು ನಿದರ್ಶನ.

ಈ ಹಬ್ಬದ ಸಾಮಗ್ರಿಯಲ್ಲಿ ಕರಾವಳಿಯಲ್ಲಿ ಸುಲಭವಾದುದು ಮೊಟ್ಟೆಯೊಂದೇ. ಅಕ್ಕಿಯ ನಾಡಿನಲ್ಲಿ ಗೋಧಿಹಿಟ್ಟು ಹೊರಗಿನಿಂದ ಬರಬೇಕು. ರೊಟ್ಟಿಯ ಹಿಟ್ಟನ್ನು ಉಬ್ಬಿಸುವುದಕ್ಕೆ ಇಲ್ಲಿಯ ರೂಢಿಯ ಸಾಧನವು ಕಳ್ಳು. ಕುಡಿತವನ್ನು ಪ್ರತಿ ಆದಿತ್ಯವಾರವೂ ಖಂಡಿಸುವ ಮನೆಗಳಿಗೆ ಇದು ಹಾಸ್ಯಾಸ್ಪದವಾದ ಸಂಕಟ. ಮಿಶನರಿಗಳ ಪಂಥಕ್ಕೆ ಆಡಂಬರ ಸೇರದು. ಆದುದರಿಂದ ದೊಡ್ಡವರು ಇವುಗಳ ಕೊರತೆಯನ್ನು ಹೇಳಿಕೊಳ್ಳದೆ ನುಂಗುವುದೇ ಧರ್ಮವಾಗಿತ್ತು.

ಮಕ್ಕಳ ಮಾತು ಬೇರೆ. ಹಬ್ಬವಿರುವುದೇ ಮಕ್ಕಳಿಗಾಗಿ. ಇಲ್ಲಿಯೇ ನಮ್ಮ ವಿಷಯದ ನೋವಿನ ತಾಣವಿರುವುದು. ಬಾಸೆಲ್ ಮಂಡಲಿಯು, ಮಿಶನರಿಗಳ ಮಕ್ಕಳು ಶಾಲೆಯ ಪ್ರಾಯಕ್ಕೆ ಬಂದೊಡನೆ ಯೂರೋಪಿಗೆ ಕಳುಹಿಸಲ್ಪಡಬೇಕೆಂದು ವಿಧಿಸಿತು. ಅವರಿಗಾಗಿ 1853ರಲ್ಲಿ ಬಾಸೆಲಿನಲ್ಲಿ ಒಂದು ಶಿಶುಗೃಹವನ್ನು ತೆರೆಯಿತು. ಆರು ವರ್ಷದ ಸುಮಾರಿಗೆ ಮಗು ತಾಯಿಯನ್ನು ಬಿಟ್ಟು ಹೋಗಬೇಕು. ಇಲ್ಲಿಯ ಹವೆ ಎಳೆಯ ಮೈಗೆ ಒಗ್ಗದು, ಜರ್ಮನ್ ಶಾಲೆಯಿಲ್ಲ, ಆಯಾಗಳ ಮಡಿಲಲ್ಲಿ ಬೆಳೆದ ಮಗು ‘ಅನ್ಯಧರ್ಮದ’ ನಡತೆಯನ್ನು ಕಲಿಯುವುದು ಎಂಬಿವು ಅವರು ಕೊಟ್ಟ ಕಾರಣಗಳು. ಮೊದಲಿನ ಎರಡರಲ್ಲಿ ಹುರುಳಿಲ್ಲವೆನ್ನಲಾಗದು. ಜ್ವರಗಳು ಎಷ್ಟೋ ತೊಟ್ಟಿಲುಗಳನ್ನು ಬರಿದುಮಾಡಿದ್ದುವು. ಮೂರನೆಯದನ್ನು ಓದುವಾಗ ನಮಗೆ ನಗುವೂ ಬೇಸರವೂ ಒಟ್ಟಿಗೇ ಬರುತ್ತವೆ. ಊರ ಮಕ್ಕಳನ್ನು ತಮ್ಮ ಶಾಲೆಗೆ ಕರೆಯಲು ಮನೆಮನೆಗೆ ಹೋದವರು, ತಮ್ಮ ಮಕ್ಕಳನ್ನು ಊರಿನಿಂದ ಕಾಪಾಡಲು ಕಡಲಾಚೆಗೆ ಕಳುಹಿಸಿದರು.

ಶಿಶುಗೃಹವಿನ್ನೂ ಹುಟ್ಟದಿದ್ದಾಗಿನ ಒಂದು ಉದಾಹರಣೆಯು ಲೋಕಪ್ರಸಿದ್ಧವಾದ ಮನೆತನದ್ದು. ಮಲಯಾಳ ನಿಘಂಟುಕಾರರಾದ ಹೆರ್ಮನ್ ಗುಂಡರ್ಟರ ಮಗಳು ಮಾರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಸುಮಾರು ನಾಲ್ಕು ವರ್ಷದವಳಾಗಿದ್ದಾಗ ತಾಯ್ತಂದೆಗಳು ಅವಳನ್ನು ಯೂರೋಪಿನಲ್ಲಿ ಬಿಟ್ಟು ಹಿಂದಿರುಗಿದರು. ಅವಳು ಮತ್ತೆ ಇಂಡಿಯಾವನ್ನು ಕಂಡುದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ನಡುವೆ ಹತ್ತು ಈಸ್ಟರುಗಳಾದರೂ ಅನ್ಯರ ಮನೆಗಳಲ್ಲಿ ಕಳೆದುವು. ಮುಂದೆ ಅವಳು, ಮಂಗಳೂರಿನಲ್ಲಿ ಕೆಲವು ಕಾಲ ಕೆಲಸಮಾಡಿ ಹೋಗಿದ್ದ ಯೊಹಾನೆಸ್ ಹೆಸ್ಸೆಯವರನ್ನು 1874ರಲ್ಲಿ ವರಿಸಿದಳು. ಅವರ ಮಗನೇ 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹೆರ್ಮನ್ ಹೆಸ್ಸೆ.

ಕಾಗದಗಳ ಸಂಚಾರವನ್ನು ನೆನೆದರೆ ಈ ಅಗಲಿಕೆಯ ಉದ್ದವು ತಿಳಿಯುವುದು. 1869ರಲ್ಲಿ ಸೂಯೆಜ್ ಕಾಲುವೆಯು ತೆರೆಯುವುದಕ್ಕೆ ಮುಂಚೆ, ಮಿಸರದ ನೆಲದ ದಾರಿಯಿಂದ ಬಂದರೂ ಪತ್ರಕ್ಕೆ ವಾರಗಟ್ಟಲೆ ಬೇಕಿತ್ತು. ಈಸ್ಟರಿನ ದಿನ ಬಾಸೆಲಿನಲ್ಲಿ ಮಗು ಬರೆದ ನಾಲ್ಕು ಸಾಲು ಮಂಗಳೂರನ್ನು ಮುಟ್ಟುವಷ್ಟರಲ್ಲಿ ಇಲ್ಲಿ ಮುಂಗಾರು ಹಿಡಿದಿರುವುದು. ಅದಕ್ಕೆ ತಾಯಿಯ ಉತ್ತರವು ತಲಪುವಾಗ ಅಲ್ಲಿ ಎಲೆಯುದುರುವ ಕಾಲ. ಹೀಗೆ ಒಂದೇ ಹಬ್ಬವು ಒಂದು ಕುಟುಂಬದಲ್ಲಿ ಮೂರು ಋತುಗಳ ಉದ್ದಕ್ಕೂ ಹರಡಿಕೊಂಡಿರುತ್ತಿತ್ತು. ಇನ್ನು, ಕನ್ನಡವನ್ನೋ ತುಳುವನ್ನೋ ಆಯಾಳ ಬಾಯಿಂದ ಕಲಿತು, ಬರಿಗಾಲಿನಲ್ಲಿ ಓಡಾಡಿ ಬೆಳೆದ ಮಗುವಿಗೆ ಬಾಸೆಲಿನ ಹಿಮವು ಸ್ವದೇಶವೋ ಪರದೇಶವೋ? ತಂದೆಗೆ ಪರದೇಶವಾದ ಬಲ್ಮಠದ ಗುಡ್ಡವೇ ಮಗುವಿಗೆ ಹುಟ್ಟಿದೂರು. ಪರದೇಶದ ಕುಟುಂಬವೆಂದು ಸಲೀಸಾಗಿ ಹೇಳಿಬಿಡುತ್ತೇವೆ. ಒಂದೇ ಕುಟುಂಬದಲ್ಲಿ ಇಬ್ಬರ ಪರದೇಶ ಒಂದೇ ಆಗಿರುವುದಿಲ್ಲ.

ಇದಕ್ಕೆ ತಿರುಗುಮುರುಗಾದ ಒಂದು ಪ್ರಕರಣವೂ ನಮ್ಮ ಊರಿನಿಂದಲೇ ಸಿಕ್ಕುತ್ತದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನವನ್ನು ಪಡೆದು, ಮೋಗ್ಲಿಂಗರೊಂದಿಗೆ ಯೂರೋಪಿಗೆ ಹೋಗಿ, 1846ರಿಂದ 1851ರವರೆಗೆ ಬಾಸೆಲಿನ ಮಿಶನ್ ವಿದ್ಯಾಲಯದಲ್ಲಿ ಓದಿದರು. 1847ರ ಈಸ್ಟರ್ ಏಪ್ರಿಲ್ 4ರಂದು ಬಂದಿತು. ಚೈತ್ರವೆಂದರೆ ಮಾವಿನ ತೋರಣ, ಬೇವುಬೆಲ್ಲ ಎಂದು ಬಾಲ್ಯದಿಂದ ಅರಿತವರು, ರೈನ್ ನದಿಯ ತಡಿಯಲ್ಲಿ ಇನ್ನೂ ಚಳಿ ಬಿಡದ ಒಂದು ಬೆಳಗ್ಗೆ ಎದ್ದು ಪುನರುತ್ಥಾನದ ಗಂಟೆಯನ್ನು ಕೇಳಿದರು. ಆ ಪಾಲಿಗೆ ಇವರೂ ಪರದೇಶಿಗಳೇ, ಅದೂ ಮನೆಯ ಬಾಗಿಲು ಹಿಂದೆ ಮುಚ್ಚಿಹೋದ ಪರದೇಶಿಗಳು. ಮತಾಂತರದಿಂದ ಬಂಧುಗಳು ದೂರವಾಗಿದ್ದರು. ಇವರ ಯುಗಾದಿ ಹೋಗಿತ್ತು, ಈಸ್ಟರು ಇನ್ನೂ ಪೂರ್ತಿ ಇವರದಾಗಿರಲಿಲ್ಲ. 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದ ಕೌಂಡಿನ್ಯರು 1860ರಲ್ಲಿ ಮಾರೀ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ವರಿಸಿದರು. ಆ ಮನೆಯಲ್ಲಿ ಹಬ್ಬವು ಯಾರ ಊರಿನಂತೆ ನಡೆಯಬೇಕು? ಹೆಂಡತಿಗೆ ಅದು ಬಾಲ್ಯದ ಹಬ್ಬ, ಗಂಡನಿಗೆ ಪ್ರಾಯದಲ್ಲಿ ಬೆಲೆತೆತ್ತು ಕೊಂಡ ಹಬ್ಬ. ಮಿಶನಿನ ಇತಿಹಾಸದಲ್ಲಿ ಇಷ್ಟು ಅರ್ಥಪೂರ್ಣವಾದ ಒಲೆ ಮತ್ತೊಂದು ಉರಿದಿರಲಾರದು.

ಈಸ್ಟರಿಗೂ ಸ್ಮಶಾನಕ್ಕೂ ಬಹಳ ಹತ್ತಿರದ ನಂಟು. ಹೆರ್ನ್‌ಹೂಟ್ ಎಂಬಲ್ಲಿ ಮೊರೇವಿಯನ್ ಭಕ್ತರು 1732ರಲ್ಲಿ ಈಸ್ಟರಿನ ಬೆಳಕು ಹರಿಯುವಾಗ ಸಮಾಧಿಭೂಮಿಗೆ ಹೋಗಿ ಹಾಡಿದರು. ಆ ಪದ್ಧತಿಯು ಅವರ ಸಭೆಗಳಿದ್ದ ದೇಶಗಳಿಗೆಲ್ಲ ಹಬ್ಬಿತು. ಬಾಸೆಲಿನವರು ಬೇರೆ ಸಭೆಯವರಾದರೂ ಆ ಭಕ್ತಿಪಂಥಕ್ಕೆ ಸೋದರರು. ಕನ್ನಡನಾಡಿನಲ್ಲಿ ಮಿಶನ್ ನೆಲಸಿದೆಡೆಯಲ್ಲೆಲ್ಲ ಒಂದು ಚಿಕ್ಕ ಸಮಾಧಿಭೂಮಿಯೂ ನೆಲಸಿತು. ಫೆರ್ಡಿನಂಡ್ ಕಿಟೆಲರು 1860ರಲ್ಲಿ ಪೌಲೀನಾ ಐಟ್ ಎಂಬಾಕೆಯನ್ನು ಮದುವೆಯಾದರು. ಆಕೆ 1864ರಲ್ಲಿ ತೀರಿಕೊಂಡಳು. ಮೂರು ವರ್ಷದ ಮೇಲೆ ಆಕೆಯ ತಂಗಿ ಯೂಲೀ ಅಕ್ಕನ ಮನೆಯನ್ನು ತುಂಬಲು ಬಂದಳು. ನಮ್ಮಲ್ಲಿಯೂ ಅಪರೂಪವಲ್ಲದ ಸಂಬಂಧ ಇದು. ನಿಘಂಟಿನ ಚೀಟಿಗಳನ್ನು ಬರೆಯುತ್ತಿದ್ದ ಕೈ ನಡುವೆ ಹೂವಿಡಲೂ ಹೋಗುತ್ತಿತ್ತು ಎಂಬುದನ್ನು ಆ ಗ್ರಂಥದ ಪುಟಗಳು ಹೇಳುವುದಿಲ್ಲ.

ಮುಂದಿನ ಕಥೆಯನ್ನು ಬೇಗ ಮುಗಿಸಬಹುದು. 1914ರ ಮಹಾಯುದ್ಧದಿಂದ ಜರ್ಮನ್ ಮಿಶನರಿಗಳು ಸರಕಾರದ ಕಣ್ಣಿಗೆ ಶತ್ರುಪ್ರಜೆಗಳಾದರು. ಅನೇಕ ಪುರುಷರನ್ನು ಅಹಮದನಗರದ ಶಿಬಿರದಲ್ಲಿರಿಸಿದರು. 1915–16ರಲ್ಲಿ ಗೋಲ್ಕೊಂಡಾ ಎಂಬ ಹಡಗು ಜರ್ಮನ್ ಮಿಶನರಿಗಳ ಕುಟುಂಬಗಳನ್ನು ತುಂಬಿಕೊಂಡು ಯೂರೋಪಿಗೆ ಹೊರಟಿತು. 1916ರ ಈಸ್ಟರ್ ಬಹಳ ತಡವಾಗಿ, ಏಪ್ರಿಲ್ 23ರಂದು ಬಂದಿತು. ಹಡಗಿನಲ್ಲಿದ್ದ ದೊಡ್ಡವರಿಗೆ ಅದು ಊರಿಗೆ ಮರಳುವಿಕೆ. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಗಡೀಪಾರು.

ಉಳಿದುದು ಹಾಡು. ಮೋಗ್ಲಿಂಗ್, ವೈಗ್ಲೆ, ಕಿಟೆಲ್ ಮೊದಲಾದವರು ತಮ್ಮ ನಾಡಿನ ಕೀರ್ತನೆಗಳನ್ನು ಕನ್ನಡಿಸುವಾಗ ಪದಗಳನ್ನು ಬದಲಿಸಿ ರಾಗಗಳನ್ನು ಹಾಗೆಯೇ ಇಟ್ಟರು. ಈ ಕೀರ್ತನೆಗಳಲ್ಲಿ ಕನ್ನಡದ ಹ್ರಸ್ವದೀರ್ಘಗಳು ಜರ್ಮನ್ ತಾಳಕ್ಕೆ ಸಿಕ್ಕಿ ಆಗಾಗ ನರಳುವುದುಂಟು. ಕಿಟೆಲರಿಗೆ ಈ ಕಷ್ಟದ ಅರಿವಿತ್ತು. 1862ರ ‘ಕಥಾಮಾಲೆ’ಯಲ್ಲಿ ಅವರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹೇಳಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಅಚ್ಚುಹಾಕಿಸಿದವರೂ ಅವರೇ. ವಿದ್ವಾಂಸರ ಮೆಚ್ಚಿಕೆಯೆಲ್ಲ ಈ ಎರಡನೆಯ ದಾರಿಗೆ. ಸಭೆಯ ಜನರು ಮಾತ್ರ ಮೊದಲನೆಯದನ್ನೇ ಹಿಡಿದುಕೊಂಡರು. ಈಗಲೂ ಮಂಗಳೂರಿನ ಹಳೆಯ ಮಿಶನ್ ದೇವಾಲಯಗಳಲ್ಲಿ ಪುನರುತ್ಥಾನದ ಬೆಳಗ್ಗೆ ಹೊರಗೆ ನಿಂತು ಕೇಳಿದವರಿಗೆ ಪದಗಳು ಕನ್ನಡವೆಂದು ತಿಳಿಯುವುದು, ರಾಗವು ಎಲ್ಲಿಯದೆಂದು ತಿಳಿಯುವುದಿಲ್ಲ. ಹಾಡುವವರಲ್ಲಿ ವ್ಯೂರ್ಟೆಂಬರ್ಗನ್ನು ಕಂಡವರು ಒಬ್ಬಿಬ್ಬರಿರಬಹುದು; ಉಳಿದವರಿಗೆ ಅದು ಅಜ್ಜಿ ಹಾಡುತ್ತಿದ್ದ ರಾಗ.